ಹರಕೆಯ ತೂಕದಲ್ಲಿ ಒಂದು ಚೀಲ ಕಡಿಮೆ

ಯವ್ವಾ,

ಮೊದಲು ಖರ್ಚಿನ ಮಾತು. ಊರಿಂದ ಯಾರು ಬಂದರೂ ನೀರಿನ ತಂಬಿಗೆ ಕೈಗೆ ಕೊಡುವ ಮೊದಲೇ "ಎಷ್ಟು ಖರ್ಚಾತು?" ಎಂದು ಕೇಳುತ್ತಿದ್ದವಳು ನೀನು, ನಿನ್ನೆದುರು ಬೇರೆ ಪೀಠಿಕೆ ನಡೆದೀತೇ? ಒಂದು ಜೊತೆ ಬೂಟು, ಅದರ ಹಿಮ್ಮಡಿ ಸವೆದ ಮೇಲೆ ಇನ್ನೊಂದು ಜೊತೆ. ಡಾಕ್ಟರಮ್ಮನ ಫೀಜು, ಮೇಲೆ ರಕ್ತದ ಪರೀಕ್ಷೆ. ಪ್ಯಾಂಟುಗಳನ್ನೆಲ್ಲ ಒಳಗೆ ಹಿಡಿದುಕೊಟ್ಟ ದರ್ಜಿಯ ಕೂಲಿ. ಎರಡನೆಯ ಸಲ ಹೋದಾಗ ಅವನೇ ಕೈಮುಗಿದ: "ಸಾವಕಾರ್ರ, ಇನ್ನೂ ಹಿಡಿದ್ರ ಎರಡೂ ಕಿಸೆ ಹಿಂದಕ್ಕ ಹೋಗಿ ಒಂದಾಗ್ತಾವ. ಹೊಸಾದು ಹೊಲಿಸ್ರಿ." ಬೆಲ್ಟಿನ ಹೊಸ ತೂತು ಮಾತ್ರ ಪುಕ್ಕಟೆ, ಮೊಳೆ ಕಾಯಿಸಿ ನಾನೇ ಹಾಕಿಕೊಂಡೆ. ತೂಕದ ಯಂತ್ರ ಕೊಳ್ಳಲಿಲ್ಲ. ಅಕ್ಕಿ ಅಂಗಡಿಯವನಿಗೆ ತಕ್ಕಡಿಗೇನು ಬರ? ಇಷ್ಟಲ್ಲದೆ ಒಂದು ಚೀಲ ಮೈಯೂ ಹೋಯಿತು. ಹೌದು, ಇಪ್ಪತ್ತೈದು ಕಿಲೋ. ನೀನು ತುತ್ತು ತುತ್ತಾಗಿ ತುಂಬಿ, ಓಣಿಗೆಲ್ಲ ತೋರಿಸಿ ಹೆಮ್ಮೆಪಟ್ಟ ಚೀಲ. ಸಿಟ್ಟಾಗುವ ಮೊದಲು ಪೂರ್ತಿ ಓದು. ನಿನಗೆ ಓದು ಬರುತ್ತಿರಲಿಲ್ಲ, ಗೊತ್ತು. ಅಲ್ಲಿ ಓದಿ ಹೇಳುವವರು ಯಾರಾದರೂ ಸಿಕ್ಕಿರಬೇಕು.

ಮಾನ್ವಿಯ ಕಾಲುವೆ ಪಕ್ಕದ ಗದ್ದೆಗಳಲ್ಲಿ ನೀನು ಭತ್ತದ ಸಸಿ ಹಚ್ಚುತ್ತಿದ್ದ ದಿನಗಳು ನೆನಪಿವೆಯೇ? ಮೊಣಕಾಲ ಮಟ ಕೆಸರಲ್ಲಿ ದಿನವಿಡೀ ಬಾಗಿ ನಿಂತವರ ಮನೆಯಲ್ಲಿ ರಾತ್ರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಅನ್ನವೆಂದರೆ ಹಬ್ಬ. ಹಚ್ಚುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು ಎಂಬ ಲೆಕ್ಕ ನಿನಗೆ ಎಂದೂ ಜೀರ್ಣವಾಗಲಿಲ್ಲ. ಅದಕ್ಕೇ ನಾನು ಹಮಾಲಿ ಮಾಡಿ, ದಲ್ಲಾಳಿಯಾಗಿ, ಕೊನೆಗೆ ರಾಯಚೂರಿನಲ್ಲಿ ನನ್ನದೇ ಅಂಗಡಿ ಹಾಕಿದ ದಿನ ನೀನು ಮಾಡಿದ ಮೊದಲ ಕೆಲಸ ರೊಟ್ಟಿಯ ಹಂಚನ್ನು ಅಟ್ಟಕ್ಕೆ ಏರಿಸಿದ್ದು. "ಇನ್ನ ಮ್ಯಾಲ ಈ ಮನ್ಯಾಗ ಮೂರೂ ಹೊತ್ತು ಬೆಳ್ಳನ ಅನ್ನ," ಅಂದೆ. ಆ ಅನ್ನಕ್ಕೆ ನಾನು ಎಂದಾದರೂ ಬೇಡ ಅಂದದ್ದುಂಟೇ?

ಹೊಳೆದಂಡೆಯ ಊರು ಗೂಗಲ್ಲಿನ ಗುಡಿಯ ಹರಕೆಯ ಮಾತು ಬಂದಾಗಲೆಲ್ಲ ನೀನು ನನ್ನ ರಟ್ಟೆ ಹಿಸುಕಿ ನೋಡುತ್ತಿದ್ದದ್ದು ಈಗಲೂ ಚರ್ಮಕ್ಕೆ ನೆನಪಿದೆ. ಹುಟ್ಟಾ ಸಣಕಲಾಗಿದ್ದ ನಾನು ಬದುಕಿದರೆ ಸಾಕೆಂದು ನೀನು ಅಲ್ಲಮಪ್ರಭುವಿಗೆ ಹೇಳಿಕೊಂಡ ಹರಕೆ: ಮಗನ ತೂಕದಷ್ಟು ಅಕ್ಕಿ. ನನಗೆ ಗೊತ್ತಿದ್ದದ್ದು ಅಷ್ಟೇ. "ಈ ವರ್ಷ ತೀರಿಸಿಬಿಡೋಣ ಯವ್ವಾ" ಅಂದರೆ, "ಬ್ಯಾಡ ತಡಿ. ಇನ್ನೊಂದೀಟು ತುಂಬಿಕೋ. ದೇವ್ರಿಗೆ ಕೊಡೂದು ಕೈ ಬಿಗಿಹಿಡದು ಕೊಡಬಾರದು," ಅನ್ನುತ್ತಿದ್ದೆ. ಹಬ್ಬದ ಕುರಿಯನ್ನೂ ಯಾರೂ ಅಷ್ಟು ವರ್ಷ ಮೇಯಿಸುವುದಿಲ್ಲ. ಅಂಗಡಿಯ ಕಾಟಾದ ಮೇಲೆ ನಾನು ಒಂದು ಕ್ವಿಂಟಲ್ ದಾಟಿದ ದಿನ ನೀನು ಹಮಾಲರಿಗೆಲ್ಲ ಪೇಡೆ ಹಂಚಿದೆ. "ಮುಂದಿನ ವರ್ಷ ಹೋಗೂಣು," ಅಂದೆ. ಆದರೆ ಮುಂದಿನ ವರ್ಷ ನೀನೇ...

ನಿನ್ನ ವರ್ಷದ ಕಾರ್ಯಕ್ಕೆ ಗೂಗಲ್ಲಿಗೆ ಹೋದಾಗ ಕೃಷ್ಣೆಯಲ್ಲಿ ಮುಳುಗು ಹಾಕಿದೆ. ಇಳಿಯುವುದೇನೋ ಇಳಿದೆ, ಇಳಿಜಾರು ಯಾರನ್ನೂ ಕೈಬಿಡುವುದಿಲ್ಲ. ದಂಡೆಯ ಏರು ಹತ್ತುವಾಗ ಅರ್ಧಕ್ಕೇ ಎದೆ ತಿದಿಯಂತೆ ಊದತೊಡಗಿತು, ಕಣ್ಣಿಗೆ ಕತ್ತಲೆ ಬಂತು, ಒದ್ದೆ ಧೋತರದಲ್ಲೇ ಕುಸಿದು ಕೂತೆ. ಇಬ್ಬರು ನೆಂಟರು ಎರಡು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮೇಲೆ ನಿನ್ನ ತಂಗಿ, ದೇವದುರ್ಗದ ಚಿಗವ್ವ, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತಿದ್ದಳು. ಏನೂ ಅನ್ನಲಿಲ್ಲ. ಚಿಗವ್ವ ಏನೂ ಅನ್ನದೆ ಇದ್ದದ್ದನ್ನು ನೀನಾದರೂ ಕಂಡಿದ್ದೆಯಾ?

ರಾಯಚೂರಿಗೆ ಬಂದ ಮಾರನೆಯ ದಿನವೇ ನಿನ್ನ ಸೊಸೆ ರೇಣುಕಾ ನನ್ನನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು. ಸಕ್ಕರೆ ಏರಿತ್ತು, ಬಿಪಿ ಏರಿತ್ತು. ಏರಲು ಆಗದವನು ನಾನೊಬ್ಬನೇ.

"ಮುಂಜಾನಿ ಏನ್ ತಿಂತೀರಿ?"

"ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿರಿ."

"ಮಧ್ಯಾಹ್ನ?"

"ಅನ್ನ."

"ರಾತ್ರಿ?"

"ಅನ್ನಾನ ರೀ. ಅಕ್ಕಿ ವ್ಯಾಪಾರ ನಂದು."

"ನಡುವ ಏನರೆ?"

"ನಡುವ ಏನಿಲ್ರಿ. ಬರೇ ಚಾ. ಅಂಗಡಿಗೆ ಬಂದವ್ರ ಜೊತಿ ಒಂದೊಂದು ಕಪ್ಪು."

"ಎಷ್ಟು ಮಂದಿ ಬರ್ತಾರ?"

"ದೇವರ ದಯಾ, ವ್ಯಾಪಾರ ಛಲೋ ಅದ್ರಿ," ಎಂದೆ ಹೆಮ್ಮೆಯಿಂದ.

ಆಕೆ ನಗಲಿಲ್ಲ. "ಗುಳಿಗಿ ಬರದು ಕೊಡ್ತೀನಿ. ಆದ್ರ ಗುಳಿಗಿದು ಅರ್ಧಾ ಕೆಲಸ. ಉಳಿದರ್ಧಾ ನಿಮ್ಮ ತಾಟಿಂದು, ನಿಮ್ಮ ಕಾಲಿಂದು. ಅವಸರ ಬ್ಯಾಡ, ಬಿಡೂದೂ ಬ್ಯಾಡ. ಮೊದಲು ಒಂದು ಅಕ್ಕಿ ಚೀಲದಷ್ಟು ಇಳೀಲಿ." ಮನೆಗೆ ಬಂದವನೇ ಇಪ್ಪತ್ತೈದು ಕಿಲೋದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯೊಳಗೆ ಒಂದು ಸುತ್ತು ಬಂದೆ. ಗಲ್ಲಾದ ಹತ್ತಿರ ಬರುವಷ್ಟರಲ್ಲಿ ಬೆವರು. ಇಷ್ಟು ವರ್ಷ ಇದನ್ನು ಹೊತ್ತೇ ಉಂಡಿದ್ದೆ, ಹೊತ್ತೇ ಮಲಗಿದ್ದೆ. ಅದೂ ಹಮಾಲಿ ಕೂಲಿಯಿಲ್ಲದೆ!

ಅಟ್ಟದಿಂದ ಹಂಚು ಇಳಿಸಿದ ಬೆಳಗಿನ ಮಾತು ಹೇಳಲೇಬೇಕು. ರೇಣುಕಾ ಏಣಿ ಹತ್ತಿದಾಗ ನಿನ್ನ ಫೋಟೋದ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆದರೆ ಹಿಟ್ಟು ನಾದಿ, ರೊಟ್ಟಿ ಬಡಿಯುವ ಆ ಪಟಪಟ ಸದ್ದು ಕೇಳಿದ್ದೇ ನಾನು ಹಾಸಿಗೆಯಿಂದ ಎದ್ದು ಒಲೆಯ ಮುಂದೆ ಬಂದು ಕೂತುಬಿಟ್ಟೆ, ಯಾರೂ ಕರೆದಿರಲಿಲ್ಲ. ನಿನ್ನ ಕೈಯ ಸದ್ದು ಅದು. ನಿನ್ನದೇ ರೊಟ್ಟಿಗೆ ಮರಳಿದರೆ ನಿನಗೆ ಅವಮಾನವಾದೀತೆಂದು ಯಾಕೆ ಅಂದುಕೊಂಡೆನೋ! ಎರಡು ರೊಟ್ಟಿ, ತಾಟಿನ ಅರ್ಧ ಪಲ್ಯ, ಹೆಸರುಕಾಳು, ಹಸಿ ಸವತಿಕಾಯಿ. ಅನ್ನ ಪೂರ್ತಿ ಬಿಡಲಿಲ್ಲ, ಮಧ್ಯಾಹ್ನಕ್ಕೆ ಒಂದು ಹಿಡಿ ಇಟ್ಟುಕೊಂಡೆ. ಹಳೆಯ ಗಿರಾಕಿಯನ್ನು ಯಾರಾದರೂ ಪೂರ್ತಿ ಓಡಿಸುತ್ತಾರೆಯೇ? ಚಹಾಕ್ಕೆ ಸಕ್ಕರೆ ಬಂದ್. ಮೊದಲ ವಾರ ಆ ಚಹಾ ಕುಡಿಯುವಾಗ ನನ್ನ ಮುಖ ನೋಡಿ ಒಬ್ಬ ಗಿರಾಕಿ ದರ ಇಳಿದಿದೆ ಎಂದುಕೊಂಡನಂತೆ.

ಮಾವಿನಕೆರೆಯ ಸುತ್ತ ನಡೆಯಲು ಹೊರಟ ಮೊದಲ ದಿನ ಎದುರಾದವನು ಮಿರ್ಚಿ ಬಂಡಿಯ ಖಾಜಾ. ನಿನಗೆ ಕದ್ದು ಬದನೆಕಾಯಿ ಬಜ್ಜಿ ಕೊಡುತ್ತಿದ್ದವನು. "ಕ್ಯಾ ಸಾವಕಾರ್, ನಾಯಿ ಬೆನ್ನ ಹತ್ತ್ಯಾವೇನು?" ಅಂದ. "ಇಲ್ಲೋ, ಸಕ್ಕರಿ ಹತ್ತ್ಯಾದ," ಎಂದೆ. ಒಂದು ವಾರ ನಕ್ಕ. ಎರಡನೆಯ ವಾರ "ಒಬ್ಬಂವ ನಡದ್ರ ಹುಚ್ಚ ಅಂತಾರ" ಎನ್ನುತ್ತ ತಾನೂ ಜೊತೆಗೆ ಬಂದ. ಬೇಸಿಗೆಯಲ್ಲಿ ಇಲ್ಲಿಯ ಸೂರ್ಯ ಹೇಗೆಂದು ನಿನಗೆ ಗೊತ್ತಲ್ಲ, ಕಣ್ಣು ಬಿಟ್ಟನೆಂದರೆ ಬೆನ್ನ ಮೇಲೆಯೇ ಬಿಡುತ್ತಾನೆ. ಅವನಿಗಿಂತ ಮೊದಲೇ ಎದ್ದು ಮುಗಿಸಿಬಿಡುತ್ತಿದ್ದೆವು. ಬಜಾರಿನಲ್ಲಿ ಮಾತ್ರ ಬೇರೆ ಗಾಳಿ ಎದ್ದಿತು. ಅಕ್ಕಿ ಸಾವಕಾರ ರೊಟ್ಟಿ ಬುತ್ತಿ ತರುತ್ತಾನೆ, ಅಕ್ಕಿಯಲ್ಲೇ ಏನೋ ಐಬು ಇರಬೇಕು! ಒಬ್ಬಾಕೆ ನೇರ ಕೇಳಿಯೇಬಿಟ್ಟಳು: "ನೀವಾ ಉಣ್ಣದ ಅಕ್ಕಿ ನಮಗ್ಯಾಕ ಮಾರ್ತೀರಿ?" "ಯವ್ವಾ, ಬಳಿ ಅಂಗಡಿಯವ ತಾನಾ ಕೈತುಂಬ ಬಳಿ ಇಟ್ಕೊಂಡು ಕುಂತಿರ್ತಾನೇನು?" ಎಂದೆ. ನಕ್ಕು ಒಂದು ಚೀಲ ಒಯ್ದಳು.

ದೇವದುರ್ಗದ ಒಂದು ಮದುವೆಯಲ್ಲಿ ಚಿಗವ್ವನ ಕಣ್ಣಿಗೆ ಬಿದ್ದಾಗ ಮಾತ್ರ ನನ್ನ ಬಾಯಿ ನಡೆಯಲಿಲ್ಲ. ಅಷ್ಟರಲ್ಲಿ ಚೀಲದ ಬಹುಪಾಲು ಇಳಿದಿತ್ತು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಆಕೆ ಚಪ್ಪರದಡಿಯಲ್ಲಿ ಎಲ್ಲರಿಗೂ ಕೇಳುವಂತೆ, "ನೋಡ್ರಿ, ದೇವ್ರಿಗೆ ಕೊಡೋ ಅಕ್ಕಿ ಉಳಸಾಕ ಮೈ ಇಳಿಸ್ಯಾನ. ಹುಟ್ಟಾ ವ್ಯಾಪಾರಿ!" ಅಂದಳು.

"ಹಂಗಲ್ಲ ಚಿಗವ್ವಾ. ಬೇಕಾದ್ರ ಒಂದು ಚೀಲ ಮ್ಯಾಲ ಹಾಕಿ ಕೊಡ್ತೀನಿ."

"ದೇವ್ರಿಗೂ ಕೊಸರು ಹಾಕ್ತಿಯೇನಲೇ? ನಮ್ಮಕ್ಕ ನಿನ್ನ ಮೈ ತೂಕ ಅಂದಿದ್ಲು, ಚೀಲ ಅಂದಿದ್ದಿಲ್ಲ. ಅಕಿ ಅಷ್ಟು ವರ್ಷ ಕಾದು ತುಂಬಿದ್ದು ನೀ ಕೆರಿ ಸುತ್ತಿ ಕಳದಿ. ಮುಕ್ಕಾದ ಹರಕಿಗೆ ನಾ ಬರಂಗಿಲ್ಲ."

ಹರಕೆ ಕೇಳಿಸಿಕೊಂಡವರಲ್ಲಿ ಉಳಿದಿರುವುದು ಆಕೆ ಒಬ್ಬಳೇ. ಆಕೆ ಬರದೆ ಅದು ತೀರಿತೆಂದು ನಾನು ಯಾರ ಮುಂದೆ ಹೇಳಲಿ? ನಿನ್ನ ಮುಂದೆಯೇ ಹೇಗೆ ಹೇಳಲಿ?

ಆಮೇಲೆ ನಾನು ಮಾಡಿದ್ದನ್ನು ಕೇಳಿದರೆ ನೀನು ನಗುತ್ತೀಯೋ, ಅಳುತ್ತೀಯೋ. ಹರಕೆ ತೀರುವವರೆಗೆ ಮತ್ತೆ ದಪ್ಪಗಾಗುವುದು, ತೂಗಿಸಿಕೊಂಡು ಆಮೇಲೆ ಇಳಿಸುವುದು ಎಂದು ಲೆಕ್ಕ ಹಾಕಿದೆ. ಗೋದಾಮಿನಲ್ಲಿ ಮಾಲು ತುಂಬಿ ಖಾಲಿ ಮಾಡಿದಂತೆ! ಬೂಟು ಮೂಲೆಗೆ ಹೋಯಿತು, ಅನ್ನ ಗುಡ್ಡವಾಗಿ ತಾಟಿಗೆ ಬಂತು, ಖಾಜಾನ ಬಂಡಿಯ ಮುಂದೆ ನನ್ನ ಹಳೆಯ ಸ್ಟೂಲು ಮತ್ತೆ ನನ್ನದಾಯಿತು. "ಭಕ್ತಿ ಇದ್ರ ಹಿಂಗಿರಬೇಕು ನೋಡು," ಎನ್ನುತ್ತ ಅವನು ಇನ್ನೆರಡು ಮಿರ್ಚಿ ಹಾಕಿದ. ಮನೆಗೆ ಬಂದರೆ ರೇಣುಕಾ ಬಾಗಿಲಲ್ಲೇ ಹಿಡಿದಳು.

"ಏನು ತಿಂದು ಬಂದ್ರಿ?"

"ಅದು ನನಗಲ್ಲ. ದೇವ್ರಿಗೆ."

"ದೇವ್ರು ಹಲ್ಲಾಗ ಸಿಕ್ಕೊಂಡಾನ, ಮೊದಲು ತಗೀರಿ." ಆಮೇಲೆ ಆಕೆಯ ದನಿ ಇಳಿಯಿತು. "ನಿನ್ನಿ ಮೆಟ್ಟಲ ಹತ್ತುವಾಗ ಮತ್ತ ತೇಕಾಕತ್ತಿದ್ರಿ. ಅತ್ತಿ ಹರಕಿ ಹೊತ್ತಿದ್ದು ನೀವು ಬದುಕಲಿ ಅಂತ ಅಲ್ಲೇನ್ರಿ? ಅವರು ಅವತ್ತು ಏನಂದ್ರು ಅಂತ ಪೂರಾ ಕೇಳೀರೇನು? ಮಾತು ಪೂರಾ ಕೇಳದ ವ್ಯಾಪಾರದಾಗ ಮಾಲು ಇಳಸ್ತೀರೇನು?"

ಕೇಳಿರಲಿಲ್ಲ, ಯವ್ವಾ. ನಿನ್ನನ್ನು ಕೇಳಬಹುದಿತ್ತು. ನೀನಿದ್ದಾಗ ಎಲ್ಲ ಮಾತಿಗೂ ನಾಳೆ ಇತ್ತು.

ಚಿಗವ್ವನ ಮನೆಗೆ ನಾನು ಹೋದಾಗ ಆಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆ ಎತ್ತದೆಯೇ ಹೇಳತೊಡಗಿದಳು. "ನಿನಗ ಎರಡು ತುಂಬಿದ್ರೂ ಕಾಲು ಊರಿದ್ದಿಲ್ಲ. ಹೊಳಿಯಾಗ ನಿನ್ನ ಮೈ ತೊಳದು ಬಗಲಾಗ ಹೊತ್ತುಕೊಂಡು ಏರು ಏರಾಕತ್ತಿದ್ವಿ. ನಮ್ಮಕ್ಕ ನಿನ್ನ ಹಡೆದಾಗಿಂದ ಪೂರಾ ಸುಧಾರಿಸಿದ್ದಾ ಇಲ್ಲ, ಅರ್ಧಕ್ಕ ಕುಂತುಬಿಟ್ಲು. ಅಲ್ಲೇ ಗುಡಿ ಕಡೆ ಕೈ ಎತ್ತಿ ಅಂದ್ಲು: ಯಪ್ಪಾ, ಈ ಕೂಸು ಯಾರ ಕೈನೂ ಹಿಡೀದ ತನ್ನ ಕಾಲ ಮ್ಯಾಲ ಈ ಏರು ಏರಿ ಬರಂಗ ಮಾಡು. ಹಂಗ ಬಂದ ದಿನ ಅದರ ತೂಕದಷ್ಟು ಅಕ್ಕಿ ನಿನ್ನ ಮುಂದ ಸುರೀತೀನಿ..."

ತೊಗರಿಯಲ್ಲಿ ಆಡುತ್ತಿದ್ದ ಕೈ ನಿಂತಿತು. ಹೇಳುತ್ತ ಹೇಳುತ್ತಲೇ ಆ ಮಾತಿನ ಅರ್ಥ ಆಕೆಗೂ ಹೊಳೆದಿರಬೇಕು. ಹುಡುಗನಾಗಿ ಆ ಏರನ್ನು ಎಷ್ಟು ಸಲ ಓಡಿ ಹತ್ತಿಲ್ಲ ನಾನು! ಹತ್ತುವ ದಿನಗಳಲ್ಲಿ ಮನೆಯಲ್ಲಿ ಅಕ್ಕಿ ಇರಲಿಲ್ಲ. ಅಕ್ಕಿ ಬಂದ ದಿನಗಳಲ್ಲಿ ಹತ್ತಲು ಉಸಿರಿರಲಿಲ್ಲ.

"ಅವತ್ತು ಇಬ್ರು ಎಳಕೊಂಡು ಬಂದ್ರಲ್ಲ ನಿನ್ನ," ಅಂದಳು ಚಿಗವ್ವ ಕೊನೆಗೆ. "ಅವತ್ತು ಎರಡು ಕ್ವಿಂಟಲ್ ಸುರದಿದ್ರೂ ಹರಕಿ ಸಲ್ತಿದ್ದಿಲ್ಲ ನೋಡು." ಸೆರಗಿನಿಂದ ಮೂಗು ಒರೆಸಿಕೊಂಡು, "ಏಳು, ರೊಟ್ಟಿ ತಿನ್ನು. ಎರಡಾ ಕೊಡ್ತೀನಿ," ಎಂದಳು.

ಬೂಟು ಮೂಲೆಯಿಂದ ಮತ್ತೆ ಕಾಲಿಗೆ ಬಂತು, ಚೀಲದ ಉಳಿದ ಪಾಲೂ ಇಳಿಯಿತು. ಈಗ ನೀನು ಕೇಳಿರದ ಸುದ್ದಿ. ಹೋದ ಸೋಮವಾರ ಗೂಗಲ್ಲಿಗೆ ಹೋಗಿ ಬಂದೆವು. ಮಾನ್ವಿಯಲ್ಲಿ ನಾನು ಹಮಾಲಿ ಮಾಡುತ್ತಿದ್ದ ಗಿರಣಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ತಕ್ಕಡಿಯನ್ನು ಕೇಳಿ ತಂದಿದ್ದೆ; ನೀನು ಹಚ್ಚಿದ ಭತ್ತ ತೂಗುತ್ತಿದ್ದದ್ದೇ. ಹೊಳೆಯಲ್ಲಿ ಮುಳುಗೆದ್ದು ಏರಿಗೆ ಕಾಲಿಟ್ಟೆ. ಜೊತೆಗೆ ಬಂದಿದ್ದ ಖಾಜಾ ಹಿಡಿದುಕೊಳ್ಳಲೆಂದು ಕೈ ಚಾಚಿದ. "ಯಾರೂ ಮುಟ್ಟಬ್ಯಾಡ್ರಿ ಅವನ್ನ!" ಎಂದು ಮೇಲಿಂದ ಚಿಗವ್ವ ಗದರಿದಳು. ಅರ್ಧದಲ್ಲಿ, ನೀನು ಕೂತಿದ್ದಿರಬಹುದಾದ ಜಾಗದಲ್ಲಿ, ನಾನೂ ಒಂದು ಗಳಿಗೆ ನಿಂತೆ. ದಣಿದದ್ದಕ್ಕಲ್ಲ, ಯವ್ವಾ, ಸುಮ್ಮನೆ... ಆಮೇಲೆ ಹತ್ತಿದೆ.

ಬೇವಿನ ಕೊಂಬೆಗೆ ತಕ್ಕಡಿ ತೂಗುಹಾಕಿ ಒಂದು ತಟ್ಟೆಯಲ್ಲಿ ನಾನು ಕೂತೆ, ಇನ್ನೊಂದರಲ್ಲಿ ಅಕ್ಕಿ ಚೀಲಗಳು. ಮುಳ್ಳು ನಡುವೆ ನಿಂತ ಕೂಡಲೇ ನನ್ನ ಬಾಯಿಂದ ಹಳೆಯ ಚಟಕ್ಕೆ, "ಖಾಲಿ ಚೀಲದ ತೂಕ ಕಳೀರಿ," ಎಂದು ಬಂದುಬಿಟ್ಟಿತು. "ದೇವ್ರ ಮುಂದೂ ಚೀಲದ ತೂಕ ಕಳೀತಿಯೇನಲೇ?" ಎಂದಳು ಚಿಗವ್ವ. "ಕಳದಷ್ಟೂ ಅಕ್ಕಿ ಹೆಚ್ಚಿಗಿ ಹಾಕಬೇಕಾಗ್ತದ ಚಿಗವ್ವಾ, ದೇವ್ರಿಗೇ ಲಾಭ," ಎಂದೆ. ಆಕೆ ಒಂದು ಕ್ಷಣ ಯೋಚಿಸಿ, "ಹಂಗಾರ ಕಳಿ," ಅಂದಳು.

ಇನ್ನು ಯಾರಿಗೆ ಏನು ಸಿಕ್ಕಿತೆಂದು ಹೇಳಿ ಮುಗಿಸುತ್ತೇನೆ. ದೇವರಿಗೆ ಅಕ್ಕಿ ಸಿಕ್ಕಿತು, ನಿನ್ನ ಅಂದಾಜಿಗಿಂತ ಒಂದು ಚೀಲ ಕಡಿಮೆ, ತಕರಾರು ಬಂದಿಲ್ಲ. ಆ ದಿನ ಗುಡಿಗೆ ಬಂದವರಿಗೆ ಊಟ ಸಿಕ್ಕಿತು. ಡಾಕ್ಟರಮ್ಮನಿಗೆ ನನ್ನಿಂದ ಬರುವ ಫೀಜು ಕಡಿಮೆಯಾಯಿತು, ಆಕೆಯೇ ಒಂದು ಗುಳಿಗೆ ನಿಲ್ಲಿಸಿದ್ದಾಳೆ. ಖಾಜಾನಿಗೆ ಒಬ್ಬ ಗಿರಾಕಿ ಹೋಗಿ, ಮಾತಿಗೆ ಒಬ್ಬ ಜೊತೆಗಾರ ಸಿಕ್ಕ. ದರ್ಜಿಗೆ ಶುದ್ಧ ಲಾಭ. ಚಿಗವ್ವನಿಗೆ ಒಂದು ಕತೆ. ನನ್ನನ್ನು ತೆಳ್ಳಗೆ ಮಾಡಿದ್ದೇ ತಾನು ಎಂದು ದೇವದುರ್ಗದ ತುಂಬ ಹೇಳುತ್ತಿದ್ದಾಳೆ. ರೇಣುಕಾಳಿಗೆ ಮಂಚದಲ್ಲಿ ಅವಳ ಅರ್ಧ, ಗೊರಕೆಯಿಲ್ಲದ ನಿದ್ದೆ. ನನಗೆ ನಿನ್ನ ರೊಟ್ಟಿ, ಮತ್ತು ಆ ಏರು. ನಿನಗೆ, ಯವ್ವಾ, ಅರ್ಧದಲ್ಲಿ ಕೂತಾಗ ಕೇಳಿಕೊಂಡದ್ದು: ಬಗಲಿನ ಕೂಸು ಕೆಳಗಿಳಿದು ಮೇಲೆ ಬಂದಿದೆ. ಯಾರ ಕೈಯನ್ನೂ ಹಿಡಿದಿಲ್ಲ.