ಬೆಟ್ಟಕ್ಕೆ ಹೊರಟ ಕಾರು

ಗುರುವಾರ, ೩ ಜುಲೈ ೧೯೫೮

ಆ ಕಾರಿನ ಸುಟ್ಟ ವಾಸನೆ ಸ್ನಾನ ಮಾಡಿದರೂ ಮೂಗಿನಿಂದ ಹೋಗಿಲ್ಲ.

ಚೆಲುವರಾಜುವಿನ ಸಣ್ಣ ಕಾರಿಗೆ ಎರಡು ಲೀಟರಿನ ಎಂಜಿನ್ ಸಾಕು ಎಂದಿದ್ದೆ. ಕೇಳಲಿಲ್ಲ. ಯಾವುದೋ ಅಮೆರಿಕನ್ ಕಾರಿನಿಂದ ಮೂರೂವರೆ ಲೀಟರಿನದನ್ನೇ ಕೀಳಿಸಿಕೊಂಡು ತಂದ. ಹಿಂದಿನ ಆಕ್ಸಲ್ಲಿಗಾದರೂ ನಿಧಾನದ ಗೇರ್ ಹಾಕೋಣ, ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ ಎಂದೆ.

“ಇಳಿಜಾರು ಯಾರಿಗ್ರೀ ಬೇಕು? ಮಂಡಕಳ್ಳೀಲಿ ಇಮಾನ ಇಳಿಯೋ ಹಾದೀಲಿ ನೂರು ಮೈಲಿ ಸ್ಪೀಡು ಓಗ್ಬೇಕು. ವೇಗದ ಗೇರೇ ಹಾಕ್ಬುಡಿ ಮೇಸ್ತ್ರಿ.”

ಹಾಕಿದೆ. ಸಂಜೆ ನಜರ್‌ಬಾದಿನ ಇಳಿಜಾರಿನಲ್ಲಿ ನಾನೇ ಓಡಿಸಿ ನೋಡಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ವೇಗ ತಗ್ಗಲಿಲ್ಲ. ಬ್ರೇಕು ಮಾತ್ರ ಹಳೇ ಸಣ್ಣ ಕಾರಿನದೇ. ನಿಲ್ಲುವ ಹೊತ್ತಿಗೆ ನಾಲ್ಕೂ ಚಕ್ರ ಹೊಗೆಯಾಡುತ್ತಿದ್ದವು. ಹೇಳಿದರೆ ಚೆಲುವರಾಜು ನಕ್ಕ. “ಹೊಸದಲ್ವಾ, ಪಳಗ್ತದೆ ಬುಡಿ.”

ಆಮೇಲೆ ಅವನ ತಾಯಿ ದೇವಿರಮ್ಮ ಶೆಡ್ಡಿಗೆ ಬಂದು ಬಾನೆಟ್ಟಿಗೆ ಅರಿಸಿನ ಕುಂಕುಮ ಇಟ್ಟರು. ನಾಳೆ ಆಷಾಢ ಶುಕ್ರವಾರ. ಮಗನ ಕಾರಿನಲ್ಲೇ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರಂತೆ.

“ಇದು ಬೆಟ್ಟ ಅತ್ತದೇನಪ್ಪಾ?” ಎಂದು ನನ್ನನ್ನೇ ಕೇಳಿದರು. ಅವರ ಹಿಂದೆ ನಿಂತಿದ್ದ ಮಗ ನನ್ನನ್ನು ದುರುಗುಟ್ಟಿ ನೋಡಿದ.

“ಹತ್ತುತ್ತೆ ಕಣವ್ವ. ಅದ್ರಲ್ಲಿ ಅನುಮಾನ ಬ್ಯಾಡ,” ಎಂದೆ. ಇಳಿಯುವುದನ್ನು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

“ಅಂಗಾದ್ರೆ ನಿನ್ ಹೆಂಡ್ರನ್ನೂ ಕಳ್ಸು. ಜಾಗ ಅದೆ.”

ಅವಳಿಗೆ ಜ್ವರ ಎಂದು ನನ್ನ ಬಾಯಿಂದ ಥಟ್ಟನೆ ಬಂತು.

ಹೆಂಡತಿ ಮಂಗಳ ಈಗ ಒಳಗೆ ಹಾಡಿಕೊಳ್ಳುತ್ತ ಪಾತ್ರೆ ತೊಳೆಯುತ್ತಿದ್ದಾಳೆ.