ಅಜ್ಜಿಯ ಕೆಟಲಿಗೆ ಕೂರಿಸಿದ ಕಾವಲುಗಾರ

ಪ್ರೀತಿಯ ಅಪರಿಚಿತ ಮೊಮ್ಮಗಳಿಗೆ,

ನಮ್ಮ ಡೆವಲಪರ್‌ಗಳ ಗುಂಪಿನಲ್ಲಿ "ಬಿಡುವಿನಲ್ಲಿ ಏನು ಕಟ್ತಿದ್ದೀರಿ?" ಎಂದು ಯಾರೋ ಕೇಳಿದಾಗ ಜಂಬ ಕೊಚ್ಚಿದವನು ನಾನೇ. ಪಕ್ಕದ ಬೀದಿಯಲ್ಲಿರುವ ಅಪ್ಪ ಬೆಳಿಗ್ಗೆ ಎಂಟರೊಳಗೆ ಕೆಟಲ್ ಆನ್ ಮಾಡದಿದ್ದರೆ ನನ್ನ ಫೋನು ಬಡಿದುಕೊಳ್ಳುವ ಪ್ರೋಗ್ರಾಂ ಅದು. "ಎರಡು ವರ್ಷದಲ್ಲಿ ಒಂದೂ ತಪ್ಪಿಲ್ಲ" ಎಂದು ಮೀಸೆಯನ್ನೂ ತಿರುವಿ, ಬೇಕಾದವರು ಬಳಸಿಕೊಳ್ಳಲಿ ಎಂದು ಅಲ್ಲೇ ಹಂಚಿದ್ದೆ.

ಹದಿನೈದು ದಿನದ ಹಿಂದೆ ನೀವು ಅದನ್ನು ಅಜ್ಜಿಯ ಅಡುಗೆಮನೆಯಲ್ಲಿ ಕೂರಿಸಿದಿರಂತೆ. "ಇನ್ಮೇಲೆ ಅಜ್ಜಿಗೆ ದಿನಾ ಫೋನ್ ಮಾಡೋ ತಲೆನೋವಿಲ್ಲ" ಎಂಬ ನಿಮ್ಮ ಸಾಲನ್ನು ನಿನ್ನೆ ಗುಂಪಿನಲ್ಲಿ ಓದಿದೆ. ಆಮೇಲೆ ಊಟ ಸೇರಲಿಲ್ಲ.

ಅಪ್ಪ ಒಂದು ದಿನವೂ ಕೆಟಲ್ ಮರೆತವರಲ್ಲ. ಹಾಗಾಗಿ ಆ ಫೋನು ಒಮ್ಮೆಯೂ ಬಡಿದುಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಪರೀಕ್ಷೆ ಮಾಡೋಣ, ಕೆಟಲ್ ಮುಟ್ಟಬೇಡಿ ಎಂದು ಇಂದು ಬೆಳಿಗ್ಗೆ ಅವರ ಕಾಲು ಹಿಡಿದೆ. "ನಿನ್ನ ಯಂತ್ರ ಪಾಸಾಗ್ಲಿ ಅಂತ ನಾನು ಸತ್ತವನ ಹಾಗೆ ಕೂತಿರ್ಬೇಕೇನೋ?" ಎಂದು ಗೊಣಗುತ್ತಲೇ ಕೂತರು. ಎಂಟಾಯಿತು, ಒಂಬತ್ತಾಯಿತು. ಫೋನು ಮಾತ್ರ ಮೌನವ್ರತ ಬಿಡಲಿಲ್ಲ.

ಇದನ್ನು ಓದಿದ ಕೂಡಲೇ ಅಜ್ಜಿಗೆ ಫೋನ್ ಮಾಡಿ. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆಯೇ?" ಎಂದು ಅವರು ಬೈದರೆ, ಒಂದಕ್ಷರವೂ ಬಿಡದೆ ನನಗೆ ಬರೆದು ತಿಳಿಸಿ. ಆ ಬೈಗುಳಕ್ಕಾಗಿ ಕೈಮುಗಿದು ಕಾಯುತ್ತಿದ್ದೇನೆ.

ಇಂತಿ, ನಡುಗುತ್ತಿರುವ
ಕೆಟಲ್ ಪ್ರೋಗ್ರಾಂನವನು