ಹದಿನಾಲ್ಕನೇ ಸಾಲಿನ ತಾಯಿ

ಸಾಕುಪ್ರಾಣಿ ತಳಿ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯಿಂದ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ ಕೆಂಪು ಮಖಮಲ್ಲಿನ ಬಟ್ಟೆಯನ್ನು ಕತ್ತರಿ ತಾಗಿಸದೆ ಹಾಗೇ ವಾಪಸ್ ಕಳಿಸಿದ್ದೇನೆ. ತಮ್ಮ "ಅತಿ ಕಿರುಗಾತ್ರದ ನಾಯಿಗಳ ಪ್ರದರ್ಶನ"ದಲ್ಲಿ ಸನ್ಮಾನಕ್ಕೆ ಆಯ್ಕೆಯಾದ ಹದಿನಾಲ್ಕು ನಾಯಿಗಳಿಗೆ ಹೊದಿಸುವ ಮೇಲುಡುಪನ್ನು ನಾನು ಹೊಲಿಯುವುದಿಲ್ಲ. ಆದರೆ ಜೊತೆಗೆ ಬಂದಿದ್ದ ಅಳತೆಯ ಪಟ್ಟಿಯನ್ನು ಕಳಿಸಿಲ್ಲ, ಕಳಿಸುವುದೂ ಇಲ್ಲ. ಅದರ ಹದಿನಾಲ್ಕನೇ ಸಾಲಿನಲ್ಲಿರುವ, ಸಾಕಣೆಮನೆಯಲ್ಲಿ ಇಪ್ಪತ್ತಾರನೇ ನಂಬರಿನ ಹೆಣ್ಣುನಾಯಿ ಬಸುರಿ. ಇದು ಅದರ ಐದನೇ ಬಸಿರು. ಹಿಂದಿನ ನಾಲ್ಕು ಸಲವೂ ಹೊಟ್ಟೆ ಕೊಯ್ದೇ ಮರಿ ತೆಗೆದಿದ್ದಾರೆ. ಐದನೇ ಸಲವೂ ಹಾಗೇ ಕೊಯ್ದರೆ ಅದು ಸಾಯುತ್ತದೆ. ಅದಕ್ಕೆ ತಾವು "ಅತ್ಯುತ್ತಮ ತಾಯಿ" ಎಂಬ ಬಿರುದು ಕೊಡಲು ಹೊರಟಿದ್ದೀರಿ.

ನಾಯಿ ಬಸುರಿ ಅಂತ ದರ್ಜಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬೇರಿಸಬೇಡಿ. ಅಳತೆ ತೆಗೆಯುವುದು ನನ್ನ ಕಸುಬು. ನಾಯಿಯ ಎದೆಯ ಸುತ್ತಳತೆಗಿಂತ ಹೊಟ್ಟೆಯ ಸುತ್ತಳತೆ ಒಂದಿಂಚಾದರೂ ಕಮ್ಮಿ ಇರುತ್ತದೆ. ತಮ್ಮ ಪಟ್ಟಿಯ ಹದಿಮೂರು ಸಾಲುಗಳಲ್ಲೂ ಹಾಗೇ ಇದೆ. ಹದಿನಾಲ್ಕನೇ ಸಾಲಿನಲ್ಲಿ ಎದೆ ಹತ್ತೂವರೆ ಇಂಚು, ಹೊಟ್ಟೆ ಹದಿಮೂರು. ಹೋದ ವರ್ಷ ಇದೇ ನಾಯಿಯ ಹೊಟ್ಟೆಗೆ ನಾನೇ ಟೇಪು ಸುತ್ತಿದ್ದೆ, ಒಂಬತ್ತು ಇತ್ತು. ಆ ಪಟ್ಟಿಯ ಕೆಳಗೆ ತಮ್ಮ ಪರಿಶೀಲಕರ ಸಹಿ ಇದೆ, ಅವರ ಮೇಲಿನವರ ಸಹಿ ಇದೆ, ಎಲ್ಲಕ್ಕಿಂತ ಕೆಳಗೆ ಹಸಿರು ಶಾಯಿಯಲ್ಲಿ ತಮ್ಮ ಸಹಿಯೂ ಇದೆ. ಮೂವರು ವಿದ್ಯಾವಂತರು ಓದಿ ಸಹಿ ಹಾಕಿದ ಕಾಗದದಲ್ಲಿ ಒಬ್ಬರಿಗೂ ಒಂದು ಹೊಟ್ಟೆ ಕಾಣಿಸಲಿಲ್ಲವೇ? ಅಥವಾ ಸಹಿ ಹಾಕುವಾಗ ಕಣ್ಣು ತೆರೆದಿರಬೇಕು ಎಂಬ ನಿಯಮ ತಮ್ಮ ಕಚೇರಿಯಲ್ಲಿ ಇಲ್ಲವೇ?

ನಾನು ಸಾಚಾ ಅಂತ ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಒಂಬತ್ತು ವರ್ಷದಿಂದ ನಾಯಿಗಳಿಗೆ ಬಟ್ಟೆ ಹೊಲಿದವಳು ನಾನು. ಅದಕ್ಕೆ ಮೊದಲು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದೆ. ಒಂದು ದಿನ ನಾಯಿ ಸಾಕಣೆಮನೆಯ ಯಜಮಾನರು ಅಂಗಡಿಗೆ ಬಂದು, ಚಳಿಗೆ ತಮ್ಮ ನಾಯಿಗಳಿಗೆಲ್ಲ ಅಂಗಿ ಬೇಕು ಅಂದರು. ಹೋಗಿ ಅಳತೆ ತೆಗೆದೆ. ಆಮೇಲೆ ಪ್ರತಿ ವರ್ಷವೂ ಹೋದೆ. ಮಕ್ಕಳ ಬಟ್ಟೆಗೆ ಒಳಗಡೆ ಎರಡು ಬೆರಳಷ್ಟು ಬಟ್ಟೆ ಮಡಿಸಿಟ್ಟು ಹೊಲಿಯುವುದು ನಮ್ಮ ಪದ್ಧತಿ, ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು ಅಂತ. ಅಭ್ಯಾಸ ನೋಡಿ, ಮರಿಗಳ ಅಂಗಿಗೂ ಹಾಗೇ ಬಟ್ಟೆ ಬಿಟ್ಟಿದ್ದೆ. ಯಜಮಾನರು ಅಂಗಿಯನ್ನು ತಿರುಗಿಸಿ ನೋಡಿ ನಕ್ಕುಬಿಟ್ಟರು.

"ಅಯ್ಯೋ, ಇವಕ್ಕೆಲ್ಲ ಒಳಗೆ ಬಟ್ಟೆ ಬಿಡ್ಬೇಡಿ ಅಮ್ಮಾ. ಇವು ಬೆಳೆಯಲ್ಲ. ಬೆಳೆದ್ರೆ ನನ್ನ ಹೆಸರು ಕೆಡುತ್ತೆ."

ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ನನ್ನ ಅಳತೆ ಪುಸ್ತಕ ತೆರೆದರೆ, ಮೊದಲ ವರ್ಷ ಅವರ ದೊಡ್ಡ ನಾಯಿಗಳ ಎದೆ ಹದಿನಾಲ್ಕು ಇಂಚು. ನಾಲ್ಕನೇ ವರ್ಷ ಹನ್ನೆರಡೂವರೆ. ಏಳನೇ ವರ್ಷ ಹನ್ನೊಂದು. ಹೋದ ವರ್ಷ ಹೊಸ ಪೀಳಿಗೆಯದು ಒಂಬತ್ತೂವರೆ. ಅದೇ ಮನೆ, ಅದೇ ತಳಿ, ಅದೇ ಟೇಪು. ಹೇಗೆ ಇಳಿಸಿದರು ಅಂತ ಅವರೇ ಹೆಮ್ಮೆಯಿಂದ ಹೇಳಿದ್ದರು: ಪ್ರತಿ ಸೂಲಿನಲ್ಲೂ ಎಲ್ಲಕ್ಕಿಂತ ಸಣಕಲು ಮರಿಯನ್ನು ಆರಿಸಿ, ಅದಕ್ಕೆ ಇನ್ನೊಂದು ಸಣಕಲನ್ನು ಜೋಡಿ ಮಾಡುವುದು. ಹೊರಗಡೆ ಸಿಗದಿದ್ದರೆ ಅಣ್ಣ ತಂಗಿಯನ್ನೇ. ಸೂಲಿನಲ್ಲಿ ದುರ್ಬಲವಾಗಿ ಹುಟ್ಟಿದ್ದನ್ನು ಹುಡುಕಿ ಹುಡುಕಿ, ಆ ದೌರ್ಬಲ್ಯವನ್ನೇ ಬೆಳೆಸುವ ಕೆಲಸ ಇದು. ನಾನು ಮಾತ್ರ ಅರೆ ಮೀಟರಿನಲ್ಲಿ ಮೂರು ಅಂಗಿ ಆಗುತ್ತವಲ್ಲ ಅಂತ ಖುಷಿಪಡುತ್ತಿದ್ದೆ.

ಮೂರು ವರ್ಷದ ಹಿಂದೆ ಯಜಮಾನರು ಒಂದು ಹೆಣ್ಣು ಮರಿಯನ್ನು ನನ್ನ ಅಂಗೈಯಲ್ಲಿಟ್ಟರು. ಇಪ್ಪತ್ತಾರನೇ ನಂಬರಿನ ನಾಯಿಯ ಮೂರನೇ ಸೂಲಿನಲ್ಲಿ ಬದುಕಿದ್ದು ಅದೊಂದೇ. "ಇದರ ನೆತ್ತಿ ಕೂಡಿಲ್ಲ. ಪ್ರದರ್ಶನಕ್ಕೂ ಬರಲ್ಲ, ಮಾರೋದಕ್ಕೂ ಬರಲ್ಲ. ನೀವೇ ಇಟ್ಕೊಳ್ಳಿ" ಅಂದರು. ಮನೆಗೆ ತಂದೆ. ನಮ್ಮ ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, "ಏನೇ ಇದು, ನಾಯಿನಾ ಇಲಿನಾ? ಒಂದು ಚಿಟಿಕೆ ಇದೆಯಲ್ಲೇ" ಅಂದರು. ಹೆಸರು ಚಿಟಿಕೆ ಅಂತಲೇ ನಿಂತುಹೋಯಿತು. ನೆತ್ತಿಯ ಮೇಲೆ ಬೆರಳಿಟ್ಟರೆ ಎಲುಬು ಇಲ್ಲದ ಜಾಗದಲ್ಲಿ ಚರ್ಮ ಮಿಡಿಯುತ್ತಿತ್ತು. ಮನುಷ್ಯರ ಮಗುವಿಗೆ ಅದು ವರ್ಷ ಎರಡು ವರ್ಷದಲ್ಲಿ ಕೂಡಿಕೊಳ್ಳುತ್ತದೆ. ಇದಕ್ಕೆ ಕೊನೆಯವರೆಗೂ ಕೂಡಲಿಲ್ಲ. ಮೂರು ಗಂಟೆಗೊಮ್ಮೆ ತಿನ್ನಿಸದಿದ್ದರೆ ಮೈಯಲ್ಲಿ ಸಕ್ಕರೆ ಇಳಿದು ಕುಡಿದವರ ಹಾಗೆ ತೂರಾಡುತ್ತಿತ್ತು. ಒಸಡಿಗೆ ಜೇನುತುಪ್ಪ ಸವರಬೇಕು, ಆಗ ಕಣ್ಣು ಬಿಡುತ್ತಿತ್ತು. ಮೆಟ್ಟಿಲು ಹತ್ತಿದರೆ ಹಿಂಗಾಲಿನ ಮಂಡಿಚಿಪ್ಪು ಜಾರುತ್ತಿತ್ತು. ಇಷ್ಟಿದ್ದೂ ಆ ಪ್ರಾಣಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ಅಂತೀರಿ! ಹೊಲಿಗೆ ಯಂತ್ರದ ಸದ್ದು ಶುರುವಾದರೆ ಸಾಕು, ಎಲ್ಲಿದ್ದರೂ ಓಡಿ ಬಂದು ನನ್ನ ಪಾದದ ಮೇಲೆ ಮಲಗುತ್ತಿತ್ತು. ನಾಯಿ ಅಂದರೆ ಮೂಗು ಮುರಿಯುತ್ತಿದ್ದ ಅತ್ತೆ ತಮ್ಮ ಶಾಲಿನೊಳಗೆ ಅದಕ್ಕೊಂದು ಜೇಬು ಹೊಲಿಸಿಕೊಂಡರು.

ಒಂದು ಚಳಿಗಾಲದಲ್ಲಿ ಚಿಟಿಕೆ ಕೆಮ್ಮಲು ಶುರುಮಾಡಿತು. ಬಾತುಕೋಳಿ ಕೂಗಿದ ಹಾಗೆ ಒಣ ಕೆಮ್ಮು. ಶೀತ ಅಂದುಕೊಂಡೆ. ಬೇರೆಯವರಾಗಿದ್ದರೆ ಕಷಾಯ ಕೊಡುತ್ತಿದ್ದರೋ ಏನೋ, ನಾನು ದರ್ಜಿ, ನನ್ನ ಔಷಧ ದಾರ ಸೂಜಿ. ಅಂಗಿಯ ಕತ್ತುಪಟ್ಟಿಗೆ ಹತ್ತಿ ತುಂಬಿ, ಗಾಳಿ ನುಸುಳದ ಹಾಗೆ ಕಾಲಿಂಚು ಒಳಗೆ ಹಿಡಿದು ಹೊಲಿದೆ. ಕೆಮ್ಮು ಜಾಸ್ತಿಯಾಯಿತು. ಇನ್ನೂ ಗಾಳಿ ಹೋಗುತ್ತಿದೆ ಅಂತ ಮತ್ತೆ ಕಾಲಿಂಚು ಹಿಡಿದೆ. ಹನ್ನೊಂದು ದಿನ ಹೀಗೆ ಮಾಡಿದೆ, ಮಾನ್ಯರೇ. ಹನ್ನೆರಡನೇ ದಿನ ಪ್ರಾಣಿ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಾಗ ಅವರು ಮೊದಲು ಮಾಡಿದ್ದು ಕತ್ತರಿ ತಗೊಂಡು ನನ್ನ ಕತ್ತುಪಟ್ಟಿಯನ್ನು ಕತ್ತರಿಸಿದ್ದು.

"ಇದು ಶೀತ ಅಲ್ಲಮ್ಮ. ಉಸಿರಿನ ಕೊಳವೆಯೇ ಮೆತ್ತಗಾಗಿ ಚಪ್ಪಟೆ ಆಗ್ತಿದೆ. ಇಷ್ಟು ಚಿಕ್ಕದಾಗಿ ಮಾಡಿರೋ ನಾಯಿಗಳಲ್ಲಿ ಇದನ್ನ ದಿನಾ ನೋಡ್ತೀನಿ. ನೀವು ಬೆಚ್ಚಗಿರಲಿ ಅಂತ ಬಿಗಿ ಮಾಡಿದಷ್ಟೂ ಅದಕ್ಕೆ ಉಸಿರು ಸಿಗ್ತಿರಲಿಲ್ಲ."

ಹನ್ನೊಂದು ದಿನ ಅದು ಉಸಿರಿಗೆ ಒದ್ದಾಡುತ್ತಾ, ಕತ್ತು ಹಿಸುಕಿದ ನನ್ನ ಪಾದದ ಮೇಲೇ ಬಂದು ಮಲಗುತ್ತಿತ್ತಲ್ಲ!

ಔಷಧದ ಮೇಲೆ ಇನ್ನೊಂದು ವರ್ಷ ಬದುಕಿತು. ಒಂದು ಸಂಜೆ ನನ್ನ ಗಂಡ ಎರಡು ವಾರದ ಕೆಲಸ ಮುಗಿಸಿ ಊರಿನಿಂದ ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ತಡ, ಚಿಟಿಕೆ ಕುಣಿಯಿತು. ಸುತ್ತು ಸುತ್ತು ಕುಣಿಯಿತು. ಆಮೇಲೆ ಕೆಮ್ಮು, ಆಮೇಲೆ ನಾಲಗೆ ನೀಲಿ. ಅತ್ತೆ ಶಾಲಿನಲ್ಲಿ ಎತ್ತಿಕೊಂಡು ಬೀದಿಯಲ್ಲಿ ಬರಿಗಾಲಲ್ಲಿ ಓಡಿದರು, ಎಪ್ಪತ್ತಮೂರು ವರ್ಷದ ಹೆಂಗಸು. ಆಸ್ಪತ್ರೆಯ ತಿರುವಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ವಯಸ್ಸು ಎರಡು ವರ್ಷ ನಾಲ್ಕು ತಿಂಗಳು. ನಾಯಿ ಅಂದರೆ ಮನೆಯವರು ಬಂದಾಗ ಕುಣಿಯುವ ಪ್ರಾಣಿ ತಾನೇ? ಕುಣಿಯುವಷ್ಟೂ ಉಸಿರಿಲ್ಲದ ನಾಯಿಯನ್ನು ತಯಾರು ಮಾಡಿ, ಅದಕ್ಕೊಂದು ದರ್ಜೆ ಕೊಟ್ಟು, ಮುದ್ರೆ ಒತ್ತಿ ಕಳಿಸುತ್ತೀರಲ್ಲ, ತಮ್ಮ ಮನೆಯಲ್ಲಿ ಯಾರಿಗೂ ಉಸಿರು ಬೇಡವೇ?

ಆಗಲೇ ತಮಗೆ ಮೊದಲ ಪತ್ರ ಬರೆದಿದ್ದೆ, ಅಳತೆ ಪುಸ್ತಕದ ಹಾಳೆಗಳ ಪ್ರತಿ ಲಗತ್ತಿಸಿ. ಎರಡು ತಿಂಗಳ ಮೇಲೆ ತಮ್ಮ ಉತ್ತರ ಬಂತು. "ಗಾತ್ರದ ಇಳಿಕೆಯು ತಳಿ ಅಭಿವೃದ್ಧಿಯ ಸೂಚಕವಾಗಿದ್ದು, ಸಾರ್ವಜನಿಕರ ಬೇಡಿಕೆಗೆ ಅನುಗುಣವಾಗಿರುತ್ತದೆ." ಆಹಾ! ಅಭಿವೃದ್ಧಿ! ನಾನು ವರ್ಷದಿಂದ ವರ್ಷಕ್ಕೆ ಗಿರಾಕಿಯ ಅಂಗಿಯನ್ನು ಗಿಡ್ಡ ಮಾಡುತ್ತಾ ಹೋದರೆ ಜನ ಬಟ್ಟೆಕಳ್ಳಿ ಅಂತ ಬೈಯುತ್ತಾರೆ. ತಾವು ಒಂದು ಪ್ರಾಣಿಯ ತಲೆಬುರುಡೆ, ಮಂಡಿ, ಗಂಟಲು, ಗರ್ಭ ಎಲ್ಲದರಿಂದಲೂ ಕದ್ದು, ಅದಕ್ಕೆ ಅಭಿವೃದ್ಧಿ ಎನ್ನುತ್ತೀರಿ. ಸಾರ್ವಜನಿಕರ ಬೇಡಿಕೆಯಂತೆ. "ಅಯ್ಯೋ ಎಷ್ಟು ಮುದ್ದು, ಕೈಚೀಲದಲ್ಲಿ ಹಿಡಿಸುತ್ತೆ" ಅನ್ನುವವರ ಬೇಡಿಕೆ. ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರ ಬಳಿ ಮುದ್ರೆ ಇಲ್ಲ. ವಯಸ್ಕ ನಾಯಿ ಒಂದೂವರೆ ಕಿಲೋಗಿಂತ ಹೆಚ್ಚು ತೂಗಬಾರದು ಅಂತ ನಿಯಮ ಬರೆದು, ಹೆಚ್ಚು ತೂಗಿದ ಗಟ್ಟಿಮುಟ್ಟು ನಾಯಿಯನ್ನು "ಅನರ್ಹ" ಅಂತ ಹೊರಗೆ ಹಾಕಿದವರು ಅವರಲ್ಲ.

ನಾನು ಪುಟ್ಟ ನಾಯಿಗಳ ವಿರೋಧಿಯಲ್ಲ. ಪುಟ್ಟದಾಗಿದ್ದೂ ಓಡಿ, ಕಚ್ಚಿ, ಬೊಗಳಿ, ಹದಿನೈದು ವರ್ಷ ಬದುಕಿದ ನಾಯಿಗಳನ್ನು ನೋಡಿದ್ದೇನೆ. ತಪ್ಪು ಇರುವುದು ಇನ್ನೂ ಕಮ್ಮಿ, ಇನ್ನೂ ಕಮ್ಮಿ ಅನ್ನುವ ತಮ್ಮ ಹರಾಜಿನಲ್ಲಿ. ತಾಯಿಯ ಸೊಂಟ ಕಿರಿದಾಗುತ್ತಾ ಬಂತು, ಮರಿಯ ತಲೆ ಅಷ್ಟು ಕಿರಿದಾಗಲಿಲ್ಲ. ಹಾಗಾಗಿ ಮರಿ ತಾನಾಗಿ ಹೊರಗೆ ಬರುವುದಿಲ್ಲ, ಕೊಯ್ದೇ ತೆಗೆಯಬೇಕು. ಹೆರಲಾಗದ ತಳಿಯನ್ನು ಸೃಷ್ಟಿಸಿ ಅದರ ತಾಯಿಗೆ ಬಿರುದು ಕೊಡುವ ಧೈರ್ಯ ಸಾಮಾನ್ಯರಿಗೆ ಬರುವಂಥದ್ದಲ್ಲ ಬಿಡಿ.

ಇಪ್ಪತ್ತಾರನೇ ನಂಬರಿನವಳಿಗೆ ಮೊದಲ ಮೂರು ಶಸ್ತ್ರಚಿಕಿತ್ಸೆ ಮಾಡಿದ್ದು ನಮ್ಮ ಡಾಕ್ಟರಮ್ಮನೇ. ಮೂರನೆಯದರ ನಂತರ ಅವರು ಯಜಮಾನರಿಗೆ ಲಿಖಿತವಾಗಿ ಹೇಳಿದ್ದರು: ಗರ್ಭಕೋಶದ ಗೋಡೆ ತೆಳುವಾಗಿದೆ, ಇನ್ನು ಮರಿ ಹಾಕಿಸಬೇಡಿ. ಯಜಮಾನರು ನಾಲ್ಕನೇ ಸಲ ಬೇರೆ ಡಾಕ್ಟರ ಹತ್ತಿರ ಹೋದರು. ಆ ಕೊಯ್ದ ಗಾಯದ ಗುರುತನ್ನು ಹೋದ ವರ್ಷ ಅಳತೆ ತೆಗೆಯುವಾಗ ನನ್ನ ಬೆರಳೇ ಮುಟ್ಟಿದೆ. ಒಂದೇ ಜಾಗದಲ್ಲಿ ನಾಲ್ಕು ಸಲ ಬಿಚ್ಚಿ ಹೊಲಿದರೆ ಗಟ್ಟಿ ಬಟ್ಟೆಯೂ ಐದನೇ ಹೊಲಿಗೆಗೆ ನಿಲ್ಲುವುದಿಲ್ಲ. ನಾನು ಟೇಪು ಸುತ್ತುವಾಗ ಅವಳು ನಡುಗಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ತಾನಾಗಿಯೇ ಮಗ್ಗುಲಾಗಿ ಹೊಟ್ಟೆ ತೋರಿಸಿದಳು. ಮನುಷ್ಯರ ಕೈ ಬಂದರೆ ಹೊಟ್ಟೆ ಕೊಡಬೇಕು ಅಂತಲೇ ಅವಳು ಕಲಿತಿದ್ದಾಳೆ.

ಪಟ್ಟಿ ಬಂದ ದಿನವೇ ತಮ್ಮ ಕಚೇರಿಗೆ ಓಡಿ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಯಾವ ನಮೂನೆ ಬೇಕು ಹೇಳಿ. ಅಳತೆ ತಿದ್ದುಪಡಿ ನಮೂನೆ ಇದೆ" ಅಂದರು.

"ಅಳತೆ ಸರಿಯಾಗೇ ಇದೆ ಸ್ವಾಮಿ. ನಾಯಿ ಬಸುರಿ. ಯಾರಾದರೂ ಹೋಗಿ ನೋಡಿ."

"ಅದಕ್ಕೆ ನಮೂನೆ ಇಲ್ಲಮ್ಮ. ಹೊಟ್ಟೆ ಪಟ್ಟಿ ಬಿಗಿ ಆಗುತ್ತೆ ಅಂದ್ರೆ ಎರಡು ಇಂಚು ಜಾಸ್ತಿ ಇಟ್ಟು ಹೊಲಿದುಬಿಡಿ, ಯಾರೂ ಕೇಳಲ್ಲ."

ತಮ್ಮನ್ನು ನೋಡಬೇಕು ಅಂದೆ. ಸಭೆಯಲ್ಲಿದ್ದೀರಿ ಅಂದರು. ಮರುದಿನವೂ ಸಭೆ. ಮೂರನೇ ದಿನವೂ ಸಭೆ. ಪ್ರದರ್ಶನದ ಪೂರ್ವಭಾವಿ ಸಭೆಯಂತೆ. ನಾಲ್ಕನೇ ದಿನ ನಾನು ತಮಗೆ ಬರೆಯುವ ಪತ್ರವನ್ನು ಪತ್ರಿಕೆಯಲ್ಲೇ ಹಾಕಿಸೋಣ ಅಂತ ಬರೆಯಲು ಕೂತೆ, ಇಗೋ, ಅದೇ ಇದು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ತೂಕದ ಗರಿಷ್ಠ ಮಿತಿಯ ನಿಯಮವನ್ನು ಕಿತ್ತುಹಾಕಿ, ಇದಕ್ಕಿಂತ ಕಮ್ಮಿ ತೂಗುವ ನಾಯಿಯಿಂದ ಮರಿ ಹಾಕಿಸಬಾರದು ಅಂತ ಕನಿಷ್ಠ ಮಿತಿ ಬರೆಯಿರಿ. ಎರಡು ಸಲ ಕೊಯ್ಸಿಕೊಂಡ ತಾಯಿಯ ಮುಂದಿನ ಮರಿಗಳಿಗೆ ನೋಂದಣಿ ಕೊಡಬೇಡಿ. ಕಾಗದ ಸಿಗದಿದ್ದರೆ ಯಾವ ಯಜಮಾನರೂ ಮೂರನೇ ಸಲದ ಗೋಜಿಗೆ ಹೋಗುವುದಿಲ್ಲ. ಈ ಪ್ರದರ್ಶನವನ್ನು ರದ್ದು ಮಾಡಿ. ಇವಕ್ಕೆಲ್ಲ ಸಮಿತಿ ಬೇಕು, ಉಪಸಮಿತಿ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂತ ನನಗೂ ಗೊತ್ತು.

ಅವಳಿಗೆ ಮಾತ್ರ ಅಷ್ಟು ದಿನ ಇಲ್ಲ. ತಮ್ಮ ಪಟ್ಟಿಯ ತಾರೀಖನ್ನೂ ಹೊಟ್ಟೆಯ ಅಳತೆಯನ್ನೂ ನೋಡಿ, ಇವತ್ತಿನಿಂದ ಹೆಚ್ಚೆಂದರೆ ಹತ್ತು ದಿನ ಅಂತಾರೆ ಡಾಕ್ಟರಮ್ಮ. ಈಗಲೇ ಕರೆದೊಯ್ದು, ರಕ್ತ ಸಿದ್ಧ ಇಟ್ಟುಕೊಂಡು, ಹೊತ್ತು ನೋಡಿ ಶಸ್ತ್ರಚಿಕಿತ್ಸೆ ಮಾಡಿ, ಗರ್ಭಕೋಶವನ್ನೇ ತೆಗೆದುಬಿಟ್ಟರೆ ಉಳಿದರೂ ಉಳಿಯಬಹುದಂತೆ. ಖಂಡಿತ ಅಂತ ಅವರೂ ಹೇಳಲಿಲ್ಲ. ಯಜಮಾನರನ್ನು ಕೇಳಿದೆ. "ನನ್ನ ನಾಯಿ, ನನ್ನ ಇಷ್ಟ. ಆಫೀಸಿನವರೇ ಸನ್ಮಾನ ಮಾಡ್ತಿರುವಾಗ ನಿಮ್ಮದೇನು?" ಅಂದು ಗೇಟು ಹಾಕಿಕೊಂಡರು.

ನಾಳೆ, ಈ ಪತ್ರ ಅಚ್ಚಾಗಿ ಬರುವ ದಿನ, ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರಮ್ಮ, ಅತ್ತೆ, ನಾನು, ಮೂವರೂ ಆ ಗೇಟಿನ ಮುಂದೆ ನಿಂತಿರುತ್ತೇವೆ. ಅದನ್ನು ತೆಗೆಸುವ ಅಧಿಕಾರ ಇಡೀ ಊರಿನಲ್ಲಿ ಒಬ್ಬರಿಗೇ ಇದೆ. ಸಭೆಯಿಂದ ಎದ್ದು ಬನ್ನಿ.

ಇಂತಿ,
ಬುದ್ಧಿ ಬರಲು ಒಂಬತ್ತು ವರ್ಷ ಹಿಡಿದ
ಒಬ್ಬ ದರ್ಜಿ ಹೆಂಗಸು